ಕಿವಿ ಕೇಳಿದ್ದು, ಕೈ ಬರೆದದ್ದು, ಕಂಪ್ಯೂಟರ್ ಎಣಿಸಿದ್ದು

(ಮಡಿಕೇರಿಯಲ್ಲಿ ಒಂದು ಮಳೆಯ ಭಾನುವಾರ ಮೂವತ್ತು ನಲವತ್ತು ಜನರ ಮುಂದೆ ಮಾತಾಡಿದ್ದು. ಆಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ನಡುವೆ ಎರಡು ಸಲ ಕರೆಂಟ್ ಹೋಯಿತು, ಹಾಗಾಗಿ ಪರದೆಯ ಮೇಲೆ ತೋರಿಸಬೇಕಿದ್ದ ಅರ್ಧವನ್ನು ಬಾಯಲ್ಲೇ ಹೇಳಿದ್ದೆ. ಬರೆಯುವಾಗ ಅದೇ ಅನುಕೂಲವಾಯಿತು.)

ನಮ್ಮ ಆಯುಧದ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಇಲ್ಲಿ ಕೂತ ಎಲ್ಲರೂ ನೋಡಿದ್ದೀರಿ. ಮರದ ಮೇಲೆ ಕಾಯಿ ಕಟ್ಟಿರುತ್ತಾರೆ. ಗುಂಡು ತಾಗಿದರೆ ಕಾಯಿ ಸಿಡಿಯುತ್ತದೆ, ತಾಗದಿದ್ದರೆ ಅಲ್ಲೇ ನಗುತ್ತಾ ಕೂತಿರುತ್ತದೆ. ತೀರ್ಪುಗಾರರಿಗೆ ಹೆಚ್ಚು ಕೆಲಸವಿಲ್ಲ, ಯಾಕೆಂದರೆ ಊರೆಲ್ಲ ಕಣ್ಣಾರೆ ನೋಡಿದೆ. ಮೋರ್ಸ್, ಅಂದರೆ ಗಿಡ್ಡ ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಸಂಕೇತ, ಅದನ್ನು ಕೇಳುವ ಸ್ಪರ್ಧೆಯಲ್ಲಿ ಸಿಡಿಯುವ ಕಾಯಿಯೇ ಇಲ್ಲ. ಹಾಲ್‌ನಲ್ಲಿ ಇಪ್ಪತ್ತು ಜನ ಹೆಡ್‌ಫೋನ್ ಹಾಕಿಕೊಂಡು ತಲೆ ತಗ್ಗಿಸಿ ಕೂತಿರುತ್ತಾರೆ, ಪೆನ್ಸಿಲ್ ಓಡುತ್ತಿರುತ್ತದೆ, ನೋಡುವವರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಾಗೆ ಕಾಣುತ್ತದೆ. ಯಾರು ಗೆದ್ದರು ಅನ್ನುವುದು ಆಮೇಲೆ ಯಾರೋ ಕೂತು ಎಣಿಸಿದ ಮೇಲೆಯೇ ಗೊತ್ತಾಗುವುದು. ಆ ಎಣಿಸುವ ಕೆಲಸಕ್ಕೆ ನಾವು ನಾಲ್ಕೈದು ಜನ ಸೇರಿ ಒಂದು ಸಾಫ್ಟ್‌ವೇರ್ ಮಾಡಿದೆವು. ಅದರಲ್ಲಿ ಎಲ್ಲೆಲ್ಲಿ ಎಡವಿದೆವು ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ಅನುಮಾನ ತೆಗೆದುಬಿಡೋಣ. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತಿತು, ಅದರ ಜೊತೆ ಮೋರ್ಸ್ ಕೂಡ ಸತ್ತಿತು ಅಂತ ತುಂಬಾ ಜನ ನಂಬಿದ್ದಾರೆ. ಟೆಲಿಗ್ರಾಂನವರು ಮೋರ್ಸ್ ಕೀಯನ್ನು ಅದಕ್ಕೂ ಎಷ್ಟೋ ಮೊದಲೇ ಬದಿಗಿಟ್ಟಿದ್ದರು. ಅದು ಉಳಿದದ್ದು ಹ್ಯಾಮ್‌ಗಳ, ಅಂದರೆ ಹವ್ಯಾಸಕ್ಕೆ ರೇಡಿಯೊ ನಡೆಸುವವರ ಹತ್ತಿರ. ನಾನು ಹ್ಯಾಮ್ ಲೈಸೆನ್ಸಿಗೆ ಜನರಲ್ ಗ್ರೇಡ್ ಪರೀಕ್ಷೆ ಬರೆದಾಗ ನಿಮಿಷಕ್ಕೆ 8 ಪದದ ವೇಗ ಬೇಕಿತ್ತು. 2003ರ ಜಾಗತಿಕ ರೇಡಿಯೊ ಸಮ್ಮೇಳನದಲ್ಲಿ ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಅನ್ನುವುದನ್ನು ಆಯಾ ದೇಶಕ್ಕೇ ಬಿಟ್ಟರು, ಅಮೆರಿಕ 2007ರಲ್ಲಿ ಪೂರ್ತಿ ಕೈಬಿಟ್ಟಿತು. ಅಲ್ಲಿಂದೀಚೆ ಕಲಿಯುವವರಲ್ಲಿ ಹೆಚ್ಚಿನವರು ಇಷ್ಟಪಟ್ಟು ಕಲಿಯುವವರೇ. ಹಾಗಾಗಿ ಸ್ಪರ್ಧೆಗಳೂ ಜಾಸ್ತಿ ಮಜವಾಗಿವೆ ಅಂತ ನನ್ನ ಅನಿಸಿಕೆ.

ಕೊಡಗಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಎರಡು ಸಂಬಂಧ ಇವೆ. ಒಂದು, ಬೆಟ್ಟ. ಕೈಯಲ್ಲಿ ಹಿಡಿಯುವ ವಾಕಿ-ಟಾಕಿಯ ಅಲೆ ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು. 7 ಮೆಗಾಹರ್ಟ್ಸ್‌ನ ಅಲೆಯನ್ನು ನೆಟ್ಟಗೆ ಆಕಾಶಕ್ಕೆ ಬಿಟ್ಟರೆ ಮೇಲಿಂದ ತಿರುಗಿ ಕಣಿವೆಗೆ ಇಳಿಯುತ್ತದೆ. ಆ್ಯಂಟೆನಾಗೆ ಇಪ್ಪತ್ತು ಮೀಟರ್ ತಂತಿ ಸಾಕು, ಕಟ್ಟುವುದಕ್ಕೆ ಎರಡು ಸಿಲ್ವರ್ ಓಕ್ ಮರ ನಮ್ಮ ಯಾವ ತೋಟದಲ್ಲಿ ಇಲ್ಲ? (ಕರಿಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಹತ್ತುವಾಗ ಮಾತ್ರ ಮನೆಯವರ ಕಣ್ಣಿಗೆ ಬೀಳಬೇಡಿ.) 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಕರೆಂಟ್ ಹೋಗಿ, ಮೊಬೈಲ್ ಸತ್ತು, ರಸ್ತೆ ಕೊಚ್ಚಿಹೋದ ದಿನಗಳನ್ನು ನಾನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಒಂದು ಕಾರ್ ಬ್ಯಾಟರಿ, ಒಂದು ಸಣ್ಣ ರೇಡಿಯೊ ಸೆಟ್ ಇದ್ದರೆ ಸಾಕು, ಮಾತು ಕೇಳಿಸದಷ್ಟು ಕ್ಷೀಣ ಸಿಗ್ನಲ್‌ನಲ್ಲೂ ಮೋರ್ಸ್ ಕಿವಿಗೆ ಸಿಗುತ್ತದೆ.

ಎರಡನೇ ಸಂಬಂಧ, ಫೌಜಿಗಳು. ನಮ್ಮಲ್ಲಿ ಮನೆಗೊಬ್ಬರು ಅನ್ನುವ ಹಾಗೆ ಸೈನ್ಯದಿಂದ ಬಂದವರಿದ್ದಾರೆ, ಅವರಲ್ಲಿ ಸಂದೇಶ ಕಳಿಸುವ ವಿಭಾಗವಾದ ಸಿಗ್ನಲ್ಸ್‌ನವರೂ ಇದ್ದಾರೆ. ಜಬಲ್ಪುರದಲ್ಲಿ ತರಬೇತಿಯಾಗಿ ಮೂವತ್ತು ವರ್ಷ ಕಿವಿಯಲ್ಲೇ ಕೆಲಸ ಮಾಡಿ ಊರಿಗೆ ಬಂದು ಕಾಫಿ ನೋಡಿಕೊಂಡಿರುವವರು. ನಮ್ಮ ಸ್ಪರ್ಧೆಗೆ ಬಂದ ಅಂಥ ಒಬ್ಬರನ್ನು ಇವತ್ತು ಸುಬೇದಾರ್ ಅಂಕಲ್ ಅಂತಲೇ ಕರೆಯುತ್ತೇನೆ. ಈ ಸಾಫ್ಟ್‌ವೇರ್ ಈಗ ಇರುವ ರೂಪಕ್ಕೆ ಬರಲು ಅವರೇ ಕಾರಣ.

ಸ್ಪರ್ಧೆ ಸರಳ. ಐದೈದು ಅಕ್ಷರದ ಗುಂಪುಗಳು ಕಿವಿಗೆ ಬರುತ್ತವೆ. ಅರ್ಥವಿಲ್ಲದ ಅಕ್ಷರಗಳು, ಊಹಿಸುವ ಹಾಗಿಲ್ಲ. ಕೇಳಿದ್ದನ್ನು ಬರೆಯಬೇಕು. ಅಂತರರಾಷ್ಟ್ರೀಯ ಹ್ಯಾಮ್ ಒಕ್ಕೂಟ ನಡೆಸುವ ವೇಗದ ಮೋರ್ಸ್ ಚಾಂಪಿಯನ್‌ಶಿಪ್‌ನಲ್ಲೂ ಹೀಗೇ. ಅಲ್ಲಿ ರುಫ್ಜ್ ಎಕ್ಸ್‌ಪಿ ಅನ್ನುವ ಪ್ರೋಗ್ರಾಂ ಕೂಡ ಬಳಸುತ್ತಾರೆ. ಅದು 50 ಕಾಲ್‌ಸೈನ್ (ಹ್ಯಾಮ್‌ಗಳ ಗುರುತಿನ ಹೆಸರು) ಕೇಳಿಸುತ್ತದೆ, ಸರಿ ಬರೆದರೆ ಮುಂದಿನದು ಇನ್ನೂ ವೇಗ, ತಪ್ಪಿದರೆ ನಿಧಾನ. ತುಂಬಾ ಚೆನ್ನಾಗಿದೆ, ಮನೆಯಲ್ಲಿ ಕೂತು ಆಡಲು ಶುರು ಮಾಡಿದರೆ ಅನ್ನ ತಣ್ಣಗಾಗುತ್ತದೆ. ಆದರೆ ಅದು ಒಬ್ಬರು ಒಂದು ಕಂಪ್ಯೂಟರ್ ಮುಂದೆ ಕೂರುವುದಕ್ಕೆ. ನಮಗೆ ಬೇಕಿದ್ದದ್ದು ಒಂದು ಹಾಲ್, ಇಪ್ಪತ್ತು ಜನ, ಕೆಲವರ ಕೈಯಲ್ಲಿ ಫೋನ್, ಕೆಲವರ ಕೈಯಲ್ಲಿ ಲ್ಯಾಪ್‌ಟಾಪ್, ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಪಾಠ (ಕಿವಿಗೆ ಬರುವ ಗುಂಪುಗಳ ಸಾಲಿಗೆ ನಾವು ಪಾಠ ಅನ್ನುತ್ತೇವೆ), ಮುಗಿದ ಹತ್ತು ನಿಮಿಷದಲ್ಲಿ ಫಲಿತಾಂಶ.

ಇಲ್ಲೊಂದು ಲೆಕ್ಕ ಹೇಳಲೇಬೇಕು. ನಿಮಿಷಕ್ಕೆ ಇಷ್ಟು ಪದ ಅನ್ನುತ್ತೇವಲ್ಲ, ಪದ ಅಂದರೆ ಯಾವ ಪದ? ಮೋರ್ಸ್‌ನಲ್ಲಿ ಗಿಡ್ಡ ಸದ್ದು ಡಿ, ಉದ್ದ ಸದ್ದು ಡಾ. ಒಂದು ಡಿ ಒಂದು ಅಳತೆ, ಒಂದು ಡಾ ಮೂರು ಅಳತೆ. ಒಂದೇ ಅಕ್ಷರದ ಒಳಗಿನ ಬಿಡುವು ಒಂದು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಇಂಗ್ಲಿಷಿನಲ್ಲಿ ಪ್ಯಾರಿಸ್ ಅಂತ ಕಳಿಸಿದರೆ ಬಿಡುವೆಲ್ಲ ಸೇರಿ ಸರಿಯಾಗಿ 50 ಅಳತೆ, ಅದನ್ನೇ ಮಾದರಿ ಪದ ಅಂತ ಇಟ್ಟುಕೊಂಡಿದ್ದಾರೆ. ನಿಮಿಷಕ್ಕೆ 20 ಪದ ಅಂದರೆ ಒಂದು ಡಿ 60 ಮಿಲಿಸೆಕೆಂಡ್. ಈಗ ಇ ಅನ್ನುವ ಅಕ್ಷರ ಬರೀ ಒಂದು ಡಿ. ಸೊನ್ನೆ ಅಂದರೆ ಐದು ಡಾ, ಅಂದರೆ 19 ಅಳತೆ. ಒಂದು 60 ಮಿಲಿಸೆಕೆಂಡಿನಲ್ಲಿ ಹಾರಿಹೋಗುತ್ತದೆ, ಇನ್ನೊಂದು ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಎಳೆಯುತ್ತದೆ. ಹತ್ತೂ ಅಂಕೆಗಳ ಸರಾಸರಿ ತೆಗೆದರೆ ಐದು ಅಂಕೆಯ ಒಂದು ಗುಂಪಿಗೆ 89 ಅಳತೆ ಬರುತ್ತದೆ, ಕೂತು ಕೂಡಿಸಿ ನೋಡಿ. ಹಾಗಾದರೆ 20 ಪದದ ವೇಗದಲ್ಲಿ ಅಂಕೆಯ ಗುಂಪು ಕಳಿಸಿದರೆ ನಿಮಿಷಕ್ಕೆ ಬರುವುದು ಹನ್ನೊಂದು ಚಿಲ್ಲರೆ ಗುಂಪು ಮಾತ್ರ. ಒಂದೇ ಹೆಸರಿನ ವೇಗ, ಎರಡು ಬೇರೆ ಬೇರೆ ಪರೀಕ್ಷೆ! ಅಕ್ಷರಕ್ಕೂ ಅಂಕೆಗೂ ಒಂದೇ ಪಟ್ಟಿಯಲ್ಲಿ ಅಂಕ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಕ್ಷರದವರಿಗೂ ಇ, ಟಿ, ಐ ಜಾಸ್ತಿ ಬಿದ್ದ ಪಾಠ ಬೇಗ ಮುಗಿಯುತ್ತದೆ, ಕ್ಯೂ, ವೈ, ಜೆ ಬಿದ್ದದ್ದು ಎಳೆಯುತ್ತದೆ. ಆದ್ದರಿಂದ ಪಕ್ಕದವರದ್ದು ನೋಡಿ ಬರೆಯಬಾರದು ಅಂತ ಒಬ್ಬೊಬ್ಬರಿಗೆ ಒಂದೊಂದು ಪಾಠ ಕೊಡುವ ಉಪಾಯ ಮೊದಲೇ ಕೈಬಿಟ್ಟೆವು. ಎಲ್ಲರಿಗೂ ಒಂದೇ ಪಾಠ, ಕುರ್ಚಿ ದೂರ ದೂರ. ಸಾಫ್ಟ್‌ವೇರಿಗಿಂತ ಕುರ್ಚಿ ಅಗ್ಗ.

ಈಗ ಮೊದಲ ವರ್ಷದ ಕಥೆ.

ಮೊದಲ ವರ್ಷ ಎಲ್ಲರೂ ಟೈಪ್ ಮಾಡಲೇಬೇಕು ಅಂತ ನಿಯಮ ಮಾಡಿದ್ದೆವು. ಇಪ್ಪತ್ತು ಗುಂಪು, ನೂರು ಅಕ್ಷರ. ಸುಬೇದಾರ್ ಅಂಕಲ್ ಜೇಬಿನಿಂದ ಪೆನ್ಸಿಲ್ ತೆಗೆದು ಕಾಗದದಲ್ಲಿ ಬರೆದುಕೊಂಡರು, ಪಾಠ ಮುಗಿದ ಮೇಲೆ ಒಂದೊಂದೇ ಬೆರಳಿನಿಂದ ಫೋನಿಗೆ ಹಾಕಿದರು. ಫಲಿತಾಂಶ ಬಂತು. ನೂರಕ್ಕೆ ಹನ್ನೊಂದು. ಕೊನೆಯ ಸ್ಥಾನ. ಹಿಂದಿನ ತಿಂಗಳು ಮೋರ್ಸ್ ಶುರು ಮಾಡಿದ ಪಿಯುಸಿ ಹುಡುಗನಿಗೆ ನಲವತ್ತು ಚಿಲ್ಲರೆ ಬಂದಿತ್ತು.

ಅವರು ಗಲಾಟೆ ಮಾಡಲಿಲ್ಲ. ನನ್ನ ಹತ್ತಿರ ಬಂದು, "ಎಂತ ಮಾರಾಯ, ನನ್ನ ಕಿವಿ ಅಷ್ಟು ಹಾಳಾಯ್ತಾ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. "ಅಂಕಲ್, ಕಂಪ್ಯೂಟರ್ ಹಾಗೆ ತೋರಿಸ್ತಾ ಉಂಟು" ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪುಣ್ಯಕ್ಕೆ ಆ ಕಾಗದ ಅವರ ಅಂಗಿ ಜೇಬಿನಲ್ಲೇ ಇತ್ತು. ತೆಗೆದು ನೋಡಿದರೆ ಮುತ್ತಿನಂಥ ಅಕ್ಷರ. ಎರಡನೇ ಗುಂಪಿನಲ್ಲಿ ಒಂದು ಅಕ್ಷರ ಕೇಳಿಸಿರಲಿಲ್ಲ, ಆ ಜಾಗದಲ್ಲಿ ಒಂದು ಚುಕ್ಕೆ ಇಟ್ಟಿದ್ದರು. ಆಮೇಲೆ ಇನ್ನೆರಡು ಕಡೆ ಚುಕ್ಕೆ. ಉಳಿದ 97 ಅಕ್ಷರವೂ ಸರಿ. ಫೋನಿನಲ್ಲೂ ಆ ಚುಕ್ಕೆಗಳನ್ನು ಹಾಗೇ ಟೈಪ್ ಮಾಡಿದ್ದರು. ನಮ್ಮ ಪ್ರೋಗ್ರಾಂನಲ್ಲಿ ಒಂದು ಸಾಲು ಇತ್ತು, ಅಕ್ಷರ ಅಂಕೆ ಬಿಟ್ಟು ಬೇರೆ ಏನು ಬಂದರೂ ಗುಡಿಸಿ ಹಾಕು ಅಂತ. ಚುಕ್ಕೆ ಹೋಯಿತು, ಗುಂಪುಗಳ ನಡುವಿನ ಜಾಗವೂ ಹೋಯಿತು. ಆ ಸಾಲು ಬರೆದದ್ದು ನಾನೇ.

ಗುಡಿಸಿದ ಮೇಲೆ ಏನಾಯಿತು ನೋಡಿ. ಪ್ರೋಗ್ರಾಂ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಸಾಲಾಗಿ ಹೋಲಿಸುತ್ತಿತ್ತು. ಕಳಿಸಿದ್ದು ಕೆ, ಎಂ, ಯು, ಆರ್, ಇ ಅಂತ ಇಟ್ಟುಕೊಳ್ಳಿ. ಎಂ ಬಿಟ್ಟುಹೋಯಿತು. ಈಗ ಎಂ ಜಾಗದಲ್ಲಿ ಯು, ಯು ಜಾಗದಲ್ಲಿ ಆರ್. ಅಂಗಿಯ ಎರಡನೇ ಗುಂಡಿಯನ್ನು ಮೂರನೇ ತೂತಿಗೆ ಹಾಕಿದರೆ ಕೊನೆಯ ಗುಂಡಿವರೆಗೂ ಎಲ್ಲ ತಪ್ಪು, ಅಲ್ವಾ? ಅಂಕಲ್ ಬಿಟ್ಟದ್ದು ಎಂಟನೇ ಅಕ್ಷರ. ಮೊದಲ ಏಳು ಸರಿ, ಆಮೇಲಿನದರಲ್ಲಿ ಅಲ್ಲಲ್ಲಿ ಆಕಸ್ಮಿಕವಾಗಿ ತಾಳೆ ಬಿದ್ದದ್ದು ನಾಲ್ಕು. ಒಟ್ಟು ಹನ್ನೊಂದು. ಪಿಯುಸಿ ಹುಡುಗ ಅರ್ಧಕ್ಕರ್ಧ ತಪ್ಪು ಕೇಳಿದ್ದ, ಆದರೆ ಪ್ರತಿ ಜಾಗದಲ್ಲೂ ಏನೋ ಒಂದು ಅಕ್ಷರ ತುಂಬಿದ್ದ. ಗುಂಡಿ ಸಾಲು ಕೆಡಲಿಲ್ಲ.

ಇದಕ್ಕೆ ಮದ್ದು ಹಳೆಯದು. 1965ರಲ್ಲಿ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಎರಡು ಸಾಲುಗಳ ನಡುವಿನ ದೂರವನ್ನು ಅಳೆಯುವ ಒಂದು ವಿಧಾನ ಕೊಟ್ಟರು. ಬರೆದದ್ದನ್ನು ಕಳಿಸಿದ್ದರ ಹಾಗೆ ಮಾಡಬೇಕಾದರೆ ಕಡಿಮೆ ಅಂದರೆ ಎಷ್ಟು ತಿದ್ದುಪಡಿ ಬೇಕು ಅಂತ ಕೇಳುವುದು. ತಿದ್ದುಪಡಿ ಮೂರು ಥರ: ಬಿಟ್ಟದ್ದನ್ನು ಸೇರಿಸು, ಹೆಚ್ಚಾದದ್ದನ್ನು ತೆಗೆ, ತಪ್ಪಾದದ್ದನ್ನು ಬದಲಿಸು. ಕಂಪ್ಯೂಟರ್ ಒಂದು ಚೌಕಳಿ ಹಾಕಿಕೊಂಡು ಮನೆ ಮನೆ ತುಂಬಿಸುತ್ತಾ ಹೋಗುತ್ತದೆ, ಕೊನೆಯ ಮನೆಯಲ್ಲಿ ಉತ್ತರ ಸಿಗುತ್ತದೆ. ಅಂಕಲ್ ಅವರ ಕಾಗದಕ್ಕೆ ಇದನ್ನು ಹಾಕಿದರೆ ಮೂರು ತಪ್ಪು. ಹಳೆಯ ಪ್ರೋಗ್ರಾಂಗೆ ಎಂಬತ್ತೊಂಬತ್ತು. ಬರೆಯುವುದಕ್ಕೆ ಒಂದು ಸಂಜೆ ಸಾಕಾಯಿತು, ಆ ಸಂಜೆ ಮೊದಲೇ ಕೊಟ್ಟಿದ್ದರೆ ಒಬ್ಬ ಹಿರಿಯರ ಮರ್ಯಾದೆ ಉಳಿಯುತ್ತಿತ್ತು.

ಇನ್ನೂ ದೊಡ್ಡ ಜಗಳ ಆಮೇಲೆ ಶುರುವಾಯಿತು. ಬಿಟ್ಟದ್ದಕ್ಕೂ ತಪ್ಪು ಬರೆದದ್ದಕ್ಕೂ ಒಂದೇ ದಂಡವಾ? ನಮ್ಮ ಗುಂಪಿನಲ್ಲಿ ಅರ್ಧ ಜನ ಹೌದು ಅಂದರು. ಗೊತ್ತಿಲ್ಲದಿದ್ದರೂ ಏನಾದರೂ ಬರೆ, ಬಿಡಬೇಡ, ಶಾಲೆಯಲ್ಲಿ ಮೇಷ್ಟ್ರು ಅದನ್ನೇ ಹೇಳಿಕೊಟ್ಟದ್ದು ಅಂತ ಅವರ ವಾದ. ಅಂಕಲ್ ತಲೆ ಅಲ್ಲಾಡಿಸಿದರು. "ನೀವು ಪರೀಕ್ಷೆ ಬರೀತೀರಿ, ನಾವು ಮೆಸೇಜ್ ತಗೊಳ್ತೇವೆ" ಅಂದರು. ಅಷ್ಟು ಹೇಳಿ ಟೀ ಕುಡಿಯಲು ಹೋದರು.

ಅವರು ಹೇಳಿದ್ದನ್ನು ನಮ್ಮ ಊರಿನ ಲೆಕ್ಕದಲ್ಲಿ ಯೋಚಿಸಿ. ಗುಡ್ಡದ ಆಚೆಯಿಂದ ಮೆಸೇಜ್ ಬರುತ್ತಿದೆ, ಮನೆಯೊಳಗೆ ಇಷ್ಟು ಜನ ಸಿಕ್ಕಿಕೊಂಡಿದ್ದಾರೆ ಅಂತ. ಮೋರ್ಸ್‌ನಲ್ಲಿ 3 ಅಂದರೆ ಡಿ ಡಿ ಡಿ ಡಾ ಡಾ, 4 ಅಂದರೆ ಡಿ ಡಿ ಡಿ ಡಿ ಡಾ. ವ್ಯತ್ಯಾಸ ಇರುವುದು ನಾಲ್ಕನೆಯ ಸದ್ದಿನಲ್ಲಿ ಮಾತ್ರ. ಕೇಳಿದವರಿಗೆ ಅನುಮಾನ ಬಂದು ಆ ಜಾಗ ಖಾಲಿ ಬಿಟ್ಟರೆ ಮತ್ತೆ ಕೇಳುತ್ತಾರೆ, ಇನ್ನೊಂದು ಸಲ ಕಳಿಸು ಅನ್ನುವುದಕ್ಕೆ ಮೋರ್ಸ್‌ನಲ್ಲಿ ಮೂರೇ ಅಕ್ಷರ ಸಾಕು. ಅನುಮಾನ ನುಂಗಿಕೊಂಡು 3 ಅಂತ ಬರೆದರೆ ಯಾರೂ ಮತ್ತೆ ಕೇಳುವುದಿಲ್ಲ, ಮೂವರನ್ನು ಹೊರಗೆ ತಂದ ಮೇಲೆ ಹುಡುಕುವುದನ್ನು ನಿಲ್ಲಿಸಿಬಿಡುತ್ತಾರೆ. ಖಾಲಿ ಬಿಟ್ಟ ಜಾಗ ತಾನೇ ಎದ್ದು ಕಾಣುತ್ತದೆ. ತಪ್ಪು ಬರೆದ ಜಾಗ ಸರಿ ಬರೆದದ್ದರ ಹಾಗೇ ಕೂತಿರುತ್ತದೆ.

ಹಾಗಾಗಿ ಬಿಟ್ಟರೆ ಒಂದು ದಂಡ, ತಪ್ಪು ಬರೆದರೆ ಎರಡು ಅಂತ ಮಾಡಿದೆವು. ಲೆಕ್ಕದ ಪ್ರಕಾರ ಇದು ಚೆಂದವಾಗಿ ಕೂರುತ್ತದೆ. ತಪ್ಪು ಬರೆಯುವುದು ಅಂದರೆ ಇದ್ದ ಅಕ್ಷರ ಒಂದನ್ನು ಬಿಟ್ಟು ಇಲ್ಲದ ಅಕ್ಷರ ಒಂದನ್ನು ಸೇರಿಸಿದ ಹಾಗೆ, ಒಂದಕ್ಕೊಂದು ಕೂಡಿಸಿದರೆ ಎರಡೇ ತಾನೆ? ಆದರೆ ಒಂದು ಮಾತು. ಈ ನಿಯಮ ಬಂದ ಮೇಲೆ ಕಲಿಯುವವರು ಹೆದರಿ ತುಂಬಾ ಜಾಗ ಖಾಲಿ ಬಿಡಲು ಶುರು ಮಾಡಿದರು. ಹೊಸಬರ ವಿಭಾಗಕ್ಕೆ ಎರಡಕ್ಕೂ ಒಂದೇ ದಂಡ ಅಂತ ಸಡಿಲ ಮಾಡಿದ್ದೇವೆ. ಇದು ಸರಿಯಾ ಅಂತ ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ.

ನಿಯಮ ಬದಲಿಸಿದ ಮೇಲೆ ಸಹಜವಾಗಿ ಒಬ್ಬರು ಕೇಳಿದರು, ಹೋದ ವರ್ಷದ್ದನ್ನು ಮತ್ತೆ ಎಣಿಸೋಣ ಅಂತ. ಆಗಲಿಲ್ಲ. ನಮ್ಮ ಪ್ರೋಗ್ರಾಂ ಗುಡಿಸಿದ್ದನ್ನು ಮಾತ್ರ ಇಟ್ಟುಕೊಂಡಿತ್ತು, ಬಂದದ್ದನ್ನು ಬಂದ ಹಾಗೆ ಇಟ್ಟಿರಲಿಲ್ಲ. ಕಾಗದ ಇದ್ದದ್ದು ಅಂಕಲ್ ಒಬ್ಬರ ಹತ್ತಿರ.

ಇದನ್ನು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಕಾಫಿ ಕೊಯ್ಲಿನ ಸಂಜೆ ಪ್ರತಿಯೊಬ್ಬರ ಚೀಲ ತೂಗಿ ಪುಸ್ತಕದಲ್ಲಿ ಏನು ಬರೆಯುತ್ತೇವೆ? ಕಿಲೋ ಬರೆಯುತ್ತೇವೆ. ರೂಪಾಯಿ ಬರೆಯುವುದಿಲ್ಲ. ಕಿಲೋಗೆ ಎಷ್ಟು ಅನ್ನುವುದರ ಬಗ್ಗೆ ವಾರದ ಕೊನೆಗೆ ತಕರಾರು ಬಂದು ದರ ಬದಲಾದರೂ ಪುಸ್ತಕ ತೆಗೆದು ಮತ್ತೆ ಗುಣಿಸಿದರೆ ಆಯಿತು. ರೂಪಾಯಿ ಮಾತ್ರ ಬರೆದಿಟ್ಟಿದ್ದರೆ ಕಥೆ ಮುಗಿಯಿತು. ಈಗ ನಮ್ಮ ಸಾಫ್ಟ್‌ವೇರ್ ಕಿಲೋ ಬರೆಯುತ್ತದೆ. ಯಾರು ಯಾವ ಹೊತ್ತಿಗೆ ಯಾವ ಕೀ ಒತ್ತಿದರು, ಅಳಿಸಿದ್ದೂ ಸೇರಿ, ಎಲ್ಲ ಹಾಗೇ ಇರುತ್ತದೆ. ಅಂಕ ಅನ್ನುವುದು ಎಲ್ಲೂ ಉಳಿಸಿಡುವ ಸಂಖ್ಯೆಯಲ್ಲ, ಕೇಳಿದಾಗಲೆಲ್ಲ ಹೊಸದಾಗಿ ಎಣಿಸುವುದು.

ನೆಟ್‌ವರ್ಕ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಪೋಸ್ಟರ್‌ನಲ್ಲಿ ಅದನ್ನೇ ದೊಡ್ಡದಾಗಿ ಹಾಕಿದ್ದಾರೆ. ಹಾಲ್‌ನಲ್ಲಿ ಇಂಟರ್ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದನ್ನು ನಂಬಿ ಸ್ಪರ್ಧೆ ನಡೆಸುವ ಧೈರ್ಯ ನಮಗಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್, ಒಂದು ವೈಫೈ ರೂಟರ್, ಎರಡಕ್ಕೂ ಒಂದು ಯುಪಿಎಸ್. ಇಷ್ಟೇ. ಎಲ್ಲರೂ ಆ ವೈಫೈಗೆ ಸೇರಿ ಬ್ರೌಸರ್‌ನಲ್ಲಿ ಒಂದು ಪುಟ ತೆರೆಯುತ್ತಾರೆ. ಸುಲಭ ಅನಿಸಿತು, ಅಲ್ವಾ? ನಮಗೂ ಅನಿಸಿತ್ತು. ಆಂಡ್ರಾಯ್ಡ್ ಫೋನುಗಳು ಬಲು ಜಾಣ. ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ತಕ್ಷಣ ಹೇಳದೆ ಕೇಳದೆ ಮೊಬೈಲ್ ಡೇಟಾಗೆ ಹಾರುತ್ತವೆ. ಪುಟ ಮಾಯ. ಒಂದು ಗಂಟೆ ರೂಟರಿಗೆ ಬೈದ ಮೇಲೆ ನಮಗೆ ಇದು ಹೊಳೆದದ್ದು. ಈಗ ಎಲ್ಲರ ಫೋನನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿಸಿ ವೈಫೈ ಒಂದನ್ನೇ ಆನ್ ಮಾಡಿಸುತ್ತೇವೆ. ಪಾಠದ ನಡುವೆ ಮನೆಯಿಂದ ಫೋನ್ ಬರುವುದೂ ಇದರಿಂದ ತಪ್ಪಿತು.

ಸದ್ದನ್ನು ನಾವು ವೈಫೈ ಮೇಲೆ ಕಳಿಸುವುದಿಲ್ಲ. ಮೊದಲು ಹಾಗೆ ಮಾಡಿ ನೋಡಿದ್ದೆವು. ವೈಫೈ ಒಂದು ಕ್ಷಣ ತಡವರಿಸಿದರೂ ಡಾ ಒಡೆದು ಎರಡು ಡಿ ಆಗುತ್ತದೆ, ಟಿ ಅನ್ನುವ ಅಕ್ಷರ ಐ ಆಗಿಬಿಡುತ್ತದೆ, ಕೇಳಿದವರ ತಪ್ಪೇನೂ ಇಲ್ಲದೆ ಅಂಕ ಹೋಗುತ್ತದೆ. ಈಗ ಸರ್ವರ್, ಅಂದರೆ ಆ ಹಳೆಯ ಲ್ಯಾಪ್‌ಟಾಪ್, ಕಳಿಸುವುದು ಒಂದು ಸಂಖ್ಯೆ ಮಾತ್ರ. ಅದಕ್ಕೆ ಸೀಡ್ ಅನ್ನುತ್ತಾರೆ, ಬೀಜ. ಆ ಬೀಜದಿಂದ ಪ್ರತಿ ಫೋನೂ ತನ್ನೊಳಗೇ ಅದೇ ಪಾಠವನ್ನು ಬೆಳೆಸಿಕೊಳ್ಳುತ್ತದೆ, ಸದ್ದನ್ನೂ ತಾನೇ ಮಾಡುತ್ತದೆ. ನಮ್ಮ ರೊಬಸ್ಟಾ ಬೀಜದ ಹಾಗಲ್ಲ ಇದು, ಅಲ್ಲಿ ಒಂದೇ ಗಿಡದ ಬೀಜ ಹಾಕಿದರೂ ಒಂದೊಂದು ಸಸಿ ಒಂದೊಂದು ಥರ. ಇದು ಇಪ್ಪತ್ತು ಫೋನಿನಲ್ಲಿ ಹಾಕಿದರೂ ಎಲೆ ಎಲೆಯೂ ಒಂದೇ. ಡಿ ಶುರುವಾಗುವಾಗ ಮತ್ತು ಮುಗಿಯುವಾಗ ಐದು ಮಿಲಿಸೆಕೆಂಡ್ ಮೆಲ್ಲಗೆ ಏರಿಸಿ ಇಳಿಸಬೇಕು, ಇಲ್ಲದಿದ್ದರೆ ಟಕ್ ಟಕ್ ಅನ್ನುವ ಸದ್ದು ಕಿವಿಗೆ ಕುಟ್ಟುತ್ತದೆ. ಇನ್ನೊಂದು, ಯಾರಾದರೂ ಪುಟವನ್ನು ಮುಟ್ಟುವವರೆಗೂ ಬ್ರೌಸರ್ ಸದ್ದು ಮಾಡಲು ಬಿಡುವುದಿಲ್ಲ. ಅದಕ್ಕೆ "ನಾನು ತಯಾರು" ಅಂತ ಒಂದು ಬಟನ್ ಇಟ್ಟೆವು. ಸ್ಪರ್ಧಿಗಳು ಅದನ್ನು ಹಾಜರಿ ಅಂದುಕೊಂಡಿದ್ದಾರೆ, ನಿಜವಾಗಿ ಅದು ಸದ್ದಿನ ಬೀಗದ ಕೈ.

ಬೀಜದಿಂದ ಇನ್ನೊಂದು ಲಾಭವಾಯಿತು. ಹಿರಿಯರ ವಿಭಾಗಕ್ಕೆ ಪಾಠದ ಜೊತೆ ಗಲಾಟೆಯ ಸದ್ದು ಬೆರೆಸುತ್ತೇವೆ. ಹೂ ಮಳೆ ಬರುವ ತಿಂಗಳಲ್ಲಿ ದೂರದ ಗುಡುಗು ಸಿಡಿಲು 7 ಮೆಗಾಹರ್ಟ್ಸ್‌ನಲ್ಲಿ ಕರ ಕರ ಅನ್ನುತ್ತದಲ್ಲ, ಅದನ್ನೇ ನಮ್ಮ ತೋಟದಲ್ಲಿ ಒಂದು ಸಂಜೆ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ. ಒಬ್ಬರಿಗೆ ಸಿಡಿಲು ಕ್ಯೂ ಅಕ್ಷರದ ಮೇಲೆ ಬಿದ್ದು ಇನ್ನೊಬ್ಬರಿಗೆ ಖಾಲಿ ಜಾಗದ ಮೇಲೆ ಬಿದ್ದರೆ ನ್ಯಾಯವಲ್ಲ, ಆದ್ದರಿಂದ ಸಿಡಿಲು ಎಲ್ಲಿ ಬೀಳಬೇಕು ಅನ್ನುವುದನ್ನೂ ಅದೇ ಬೀಜ ತೀರ್ಮಾನಿಸುತ್ತದೆ.

ಉತ್ತರ ವಾಪಸ್ ಬರುವ ದಾರಿಯಲ್ಲಿ ಹೊಸದೇನೂ ಕಂಡುಹಿಡಿಯಲಿಲ್ಲ, ಮೋರ್ಸ್ ಆಪರೇಟರುಗಳು ಮಾಡುವುದನ್ನೇ ಫೋನಿಗೆ ಕಲಿಸಿದೆವು. ಅವರು ಮೆಸೇಜಿಗೆ ನಂಬರ್ ಹಾಕುತ್ತಾರೆ. ತಲುಪಿದರೆ ಆ ಕಡೆಯವರು ಆರ್ ಅಂತ ಹೇಳುತ್ತಾರೆ. ಆರ್ ಬರದಿದ್ದರೆ ಮತ್ತೆ ಕಳಿಸುತ್ತಾರೆ. ಎರಡು ಸಲ ತಲುಪಿದರೆ ನಂಬರ್ ನೋಡಿ ಒಂದನ್ನು ಬಿಡುತ್ತಾರೆ. ಫೋನ್ ಪ್ರತಿಯೊಂದು ಒತ್ತನ್ನೂ ತನ್ನೊಳಗೆ ಮೊದಲು ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತದೆ, ಸರ್ವರ್‌ನಿಂದ ಆರ್ ಬರುವವರೆಗೂ ಬಿಡುವುದಿಲ್ಲ. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟು ಸರ್ವರ್ ಪೂರ್ತಿ ಸತ್ತದ್ದೂ ಒಂದು ಸಲ ಆಗಿದೆ. ಪಾಠ ಫೋನಿನೊಳಗೇ ನಡೆಯುತ್ತಿದ್ದ ಕಾರಣ ಸ್ಪರ್ಧಿಗಳಿಗೆ ಗೊತ್ತೇ ಆಗಲಿಲ್ಲ, ಫ್ಯಾನ್ ನಿಂತದ್ದು ಮಾತ್ರ ಗೊತ್ತಾಯಿತು.

ಕಳೆದ ಸಲ ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಮೂರು ಕಡೆ ಒಟ್ಟಿಗೆ ನಡೆಸಿದೆವು. ಮೂರು ಕಡೆಯೂ ತಮ್ಮ ತಮ್ಮ ಲ್ಯಾಪ್‌ಟಾಪ್, ನೆಟ್ ಬಂದಾಗ ಒಂದಕ್ಕೊಂದು ಲೆಕ್ಕ ಒಪ್ಪಿಸುತ್ತವೆ. ಬೀಜವನ್ನು ಬೀಗ ಹಾಕಿ ಹಿಂದಿನ ದಿನವೇ ಕಳಿಸಿದ್ದೆವು. ಬೀಗದ ಗುಟ್ಟಿನ ಪದವನ್ನು ಸರಿಯಾಗಿ ಹತ್ತು ಗಂಟೆಗೆ ರೇಡಿಯೊದಲ್ಲಿ ಹೇಳಿದರೆ ಎಷ್ಟು ಚೆಂದ ಅಂತ ನನಗೆ ಆಸೆ ಇತ್ತು. ಹಿರಿಯ ಹ್ಯಾಮ್ ಒಬ್ಬರು ಬೈದರು. ಅರ್ಥ ಮುಚ್ಚಿಡುವ ಸಂಕೇತ ಹ್ಯಾಮ್ ಬ್ಯಾಂಡ್‌ನಲ್ಲಿ ಕೂಡದು, ನಿಯಮ ಓದಿಲ್ಲವಾ ಅಂತ. ಅದು ಮುಚ್ಚಿಡುವುದಾ ತೆರೆಯುವುದಾ ಅಂತ ಅರ್ಧ ಗಂಟೆ ವಾದ ಮಾಡಿ ಕೊನೆಗೆ ಎಸ್ಸೆಮ್ಮೆಸ್ ಕಳಿಸಿದೆವು.

ಟೈಪಿಂಗ್ ಬಗ್ಗೆ. ಟೈಪ್ ಮಾಡುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1939ರಲ್ಲಿ ಅಮೆರಿಕದ ಟೆಡ್ ಮೆಕೆಲ್ರಾಯ್ ನಿಮಿಷಕ್ಕೆ 75.2 ಪದ ತೆಗೆದು ದಾಖಲೆ ಮಾಡಿದ್ದು ಟೈಪ್‌ರೈಟರ್ ಮುಂದೆ ಕೂತೇ. ಆ ವೇಗದಲ್ಲಿ ಒಂದು ಡಿ 16 ಮಿಲಿಸೆಕೆಂಡ್ ಆಗುತ್ತದೆ, ಪೆನ್ಸಿಲ್ ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಫೋನಿನ ಕೀಬೋರ್ಡ್ ಟೈಪ್‌ರೈಟರ್ ಅಲ್ಲ. ಅದು ನಿಮ್ಮ ಅಕ್ಷರಗಳನ್ನು ತನಗೆ ಗೊತ್ತಿರುವ ಪದಕ್ಕೆ ತಿರುಗಿಸುತ್ತದೆ, ಎರಡು ಸಲ ಜಾಗ ಬಿಟ್ಟರೆ ತಾನೇ ಪೂರ್ಣವಿರಾಮ ಹಾಕುತ್ತದೆ. ಅದಕ್ಕೇ ನಮ್ಮದೇ ಒಂದು ಕೀಬೋರ್ಡ್ ಪುಟದೊಳಗೆ ಇಟ್ಟೆವು, ಅದರಲ್ಲಿ "ಕೇಳಿಸಲಿಲ್ಲ" ಅನ್ನುವ ಅಗಲವಾದ ಒಂದು ಕೀ ಇದೆ.

ಕಾಗದಕ್ಕೂ ಒಂದು ದಾರಿ ಮಾಡಿದೆವು. ಕಾಗದದಲ್ಲಿ ಬರೆದದ್ದನ್ನು ಇಬ್ಬರು ಸ್ವಯಂಸೇವಕರು ಬೇರೆ ಬೇರೆ ಕೂತು, ಒಬ್ಬರದ್ದನ್ನು ಒಬ್ಬರು ನೋಡದೆ ಕಂಪ್ಯೂಟರಿಗೆ ಹಾಕುತ್ತಾರೆ. ಎರಡೂ ಒಂದೇ ಇದ್ದರೆ ಸರಿ. ಇಲ್ಲದಿದ್ದರೆ ಆ ಒಂದು ಅಕ್ಷರ ಮಾತ್ರ ಕೆಂಪಾಗುತ್ತದೆ, ಬರೆದವರನ್ನೇ ಕರೆದು ಇದು ಯು ಅಥವಾ ವಿ ಅಂತ ಕೇಳುತ್ತೇವೆ, ಅವರು ಹೇಳಿದ್ದೂ ದಾಖಲಾಗುತ್ತದೆ. ಸೊನ್ನೆಯನ್ನು ಓ ಅಂತ ಹಾಕುವ ಜಗಳವೂ ಇದೇ ಥರದ್ದು. ಹ್ಯಾಮ್‌ಗಳು ಗಾಳಿಯಲ್ಲಿ ಅವಸರಕ್ಕೆ 9ರ ಬದಲು ಎನ್, ಸೊನ್ನೆಯ ಬದಲು ಟಿ ಕಳಿಸುವ ರೂಢಿ ಇದೆ, ಸ್ಪರ್ಧೆಯಲ್ಲೂ ಹಾಗೆ ಬರೆದು ಅಂಕ ಕೇಳುವವರಿದ್ದಾರೆ. ನಾವು ಕೊಡುವುದಿಲ್ಲ. ಕಳಿಸಿದ್ದು ಐದು ಡಾ, ಬರೆದದ್ದು ಒಂದು ಡಾ. ಅದು ಸೊನ್ನೆ ಅಂತ ಪ್ರೋಗ್ರಾಂ ಊಹಿಸಲು ಶುರು ಮಾಡಿದರೆ ಅದಕ್ಕೆ ಕೊನೆಯಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮೋರ್ಸ್ ಸದ್ದನ್ನು ತಾನೇ ಅಕ್ಷರ ಮಾಡಿಕೊಡುವ ಡಿಕೋಡರ್ ಆ್ಯಪ್ ಫೋನಿನಲ್ಲಿ ಇಟ್ಟು ಮೋಸ ಮಾಡಿದರೆ ಅಂತ ಒಬ್ಬರು ಕೇಳಿದರು. ಹಾಲ್‌ನಲ್ಲಿ ಓಡಾಡುವ ಒಬ್ಬ ಮನುಷ್ಯ ಸಾಕು ಅಂದೆ. ಸ್ಪರ್ಧೆಯನ್ನು ಮಳೆಗಾಲದಲ್ಲೇ ಯಾಕೆ ಇಡುತ್ತೀರಿ ಅಂತ ಇನ್ನೊಬ್ಬರು. ಮಳೆಗಾಲದಲ್ಲಿ ಜನಕ್ಕೆ ಪುರುಸೊತ್ತು ಇದೆ, ಕರೆಂಟ್ ಇಲ್ಲ. ಕೊಯ್ಲಿನ ತಿಂಗಳಲ್ಲಿ ಕರೆಂಟ್ ಇರುತ್ತದೆ, ಜನ ಸಿಗುವುದಿಲ್ಲ. ಯುಪಿಎಸ್ ಕೊಳ್ಳಬಹುದು, ಜನರನ್ನು ಕೊಳ್ಳಲು ಆಗುವುದಿಲ್ಲವಲ್ಲ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದ್ದು, "ಆ ಅಂಕಲ್‌ಗೆ ಆಮೇಲೆ ಪ್ರೈಜ್ ಕೊಟ್ರಾ?"

ಕೊಡಲಿಲ್ಲ. ಕೊಡಲು ಹೋಗಿದ್ದೆವು. ಅವರ ಕಾಗದ ಎಣಿಸಿ ನೋಡಿದ ದಿನವೇ ಮನೆಗೆ ಹೋಗಿ ಫಲಿತಾಂಶ ತಿದ್ದುತ್ತೇವೆ ಅಂದೆ. ಬೇರೆಯವರದ್ದೂ ಹೀಗೆ ತಿದ್ದಲು ಆಗುತ್ತದಾ ಅಂತ ಕೇಳಿದರು. ಆಗುವುದಿಲ್ಲ, ಅವರ ಕಾಗದ ಇಲ್ಲ ಅಂದೆ. "ಹಾಗಾದ್ರೆ ನಂದೊಂದೇ ತಿದ್ದಬೇಡ" ಅಂದರು. ಮೊದಲ ವರ್ಷದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಈಗಲೂ ಹನ್ನೊಂದೇ ಇದೆ.

ಮುಂದಿನ ವರ್ಷ ಬಂದರು, ಕಾಗದದಲ್ಲೇ ಬರೆದರು, ನಾಲ್ಕನೇ ಸ್ಥಾನ. ಗೋಣಿಕೊಪ್ಪದ ಕಾಲೇಜು ಹುಡುಗಿ ಅವರಿಗಿಂತ ಮುಂದೆ ಇದ್ದಳು. ಎಲ್ಲಿ ಹೋಯಿತು ತೋರಿಸು ಅಂದರು. ಕಳಿಸಿದ್ದು ಮೇಲೆ, ಬರೆದದ್ದು ಕೆಳಗೆ, ತಪ್ಪು ಕೆಂಪಿನಲ್ಲಿ, ಹೀಗೆ ಒಂದು ಹಾಳೆ ಪ್ರಿಂಟ್ ಮಾಡಿ ಕೊಟ್ಟೆ. ಮೂರು ಖಾಲಿ, ಒಂದು ತಪ್ಪು. ಕಳಿಸಿದ್ದು 4, ಅವರು ಬರೆದದ್ದು ವಿ. ಒಂದು ಡಿ ಕಡಿಮೆ. ಕನ್ನಡಕ ಹಣೆಗೇರಿಸಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಆ ಒಂದು ಜಾಗವನ್ನು ಸ್ವಲ್ಪ ಹೊತ್ತು ನೋಡಿದರು.

"ಇದು ನಂದೇ" ಅಂದರು. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.